ಓಪನ್‌ಎಸ್‌ಎಸ್‌ಎಲ್ ವಸ್ತುವಿಗೆ ನಿಮ್ಮ ಚೀಟಿ ಕಟ್ಟುವುದು ಹೇಗೆ?

ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಸುತ್ತಿನ ತೋಟಗಳಲ್ಲಿ ಒಂದಷ್ಟು ಮಳೆ ಮಾಪಕಗಳಿವೆ ಅಂದುಕೊಳ್ಳಿ. ಅರ್ಧ ಗಂಟೆಗೊಮ್ಮೆ ಅವು ಶಿವಮೊಗ್ಗದಲ್ಲಿರುವ ಸರ್ವರ್‌ಗೆ ಲೆಕ್ಕ ಕಳಿಸುತ್ತವೆ. ಎಷ್ಟು ಇಂಚು ಬಿತ್ತು, ಬೋರ್ಡೋ ಹೊಡೆಯೋಕೆ ಬಿಡುವು ಸಿಗಬಹುದಾ ಅಂತ ತೋಟದವರು ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಸರ್ವರ್ ಬರೆದಿರುವುದು ಸಿ ಭಾಷೆಯಲ್ಲಿ, ಗೂಢಲಿಪಿಯ ಕೆಲಸಕ್ಕೆ ಬಳಸಿರುವ ಲೈಬ್ರರಿ ಓಪನ್‌ಎಸ್‌ಎಸ್‌ಎಲ್. ಪ್ರತಿ ಮಾಪಕಕ್ಕೂ ಗುರುತಿಗೆ ತನ್ನದೇ ಒಂದು ಸರ್ಟಿಫಿಕೇಟ್ ಇದೆ.

ಮಾಪಕ ಸಂಪರ್ಕಕ್ಕೆ ಬಂದಾಗ ಲೈಬ್ರರಿ ನಿಮ್ಮ ಕೈಗೆ ಕೊಡುವುದು ಒಂದೇ ಒಂದು ಪಾಯಿಂಟರ್, ಆ ಸಂಪರ್ಕವನ್ನು ಪ್ರತಿನಿಧಿಸುವ ಎಸ್‌ಎಸ್‌ಎಲ್ ವಸ್ತುವಿನದ್ದು. ಕೆಲವು ಕಾಲ್‌ಬ್ಯಾಕ್‌ಗಳಲ್ಲಿ, ಅಂದರೆ ನೀವು ಬರೆದು ಲೈಬ್ರರಿ ಕರೆಯುವ ಫಂಕ್ಷನ್‌ಗಳಲ್ಲಿ, ಅದೂ ನೇರವಾಗಿ ಸಿಗುವುದಿಲ್ಲ. ಇದು ಯಾವ ತೋಟದ ಮಾಪಕ? ಹಿಂದಿನ ಲೆಕ್ಕ ಎಷ್ಟಿತ್ತು? ಇದಕ್ಕೆ ಬರೆಯುವ ಅನುಮತಿ ಇದೆಯಾ? ಇದೆಲ್ಲ ನಿಮ್ಮ ಪ್ರೋಗ್ರಾಮಿನ ವಿಷಯ, ಲೈಬ್ರರಿಗೆ ಗೊತ್ತಿರುವುದಿಲ್ಲ. ಎಸ್‌ಎಸ್‌ಎಲ್ ಸ್ಟ್ರಕ್ಟ್‌ಗೆ ನಾವೇ ಒಂದು ಫೀಲ್ಡ್ ಸೇರಿಸೋಣ ಅಂದರೆ ಅದೂ ಆಗದು. 2016ರ 1.1.0 ಆವೃತ್ತಿಯಿಂದ ಆ ಸ್ಟ್ರಕ್ಟ್‌ಗಳ ಒಳಗನ್ನು ಮುಚ್ಚಿಬಿಟ್ಟಿದ್ದಾರೆ.

ಇದಕ್ಕೆ ಲೈಬ್ರರಿಯಲ್ಲೇ ಇರುವ ದಾರಿಯ ಹೆಸರು ಎಕ್ಸ್ ಡೇಟಾ. ಮಂಡಿಗೆ ಅಡಿಕೆ ಹಾಕುವಾಗ ಚೀಲಕ್ಕೆ ಬೆಳೆಗಾರನ ಗುರುತಿನ ಚೀಟಿ ಕಟ್ಟುತ್ತಾರಲ್ಲ, ಹಾಗೆ. ಚೀಲ ಗೋದಾಮಿನಲ್ಲಿರುತ್ತದೆ, ಚೀಟಿ ಅದರ ಜೊತೆಗೇ ಹೋಗುತ್ತದೆ, ಚೀಟಿಯಲ್ಲಿ ಏನು ಬರೆದಿದೆ ಅಂತ ಗೋದಾಮು ಕೇಳುವುದಿಲ್ಲ. ಎಕ್ಸ್ ಡೇಟಾದಲ್ಲಿ ಆ ಚೀಟಿ ಅಂದರೆ ಒಂದು ವಾಯ್ಡ್ ಪಾಯಿಂಟರ್, ಅಷ್ಟೇ.

ಚೀಟಿ ಕಟ್ಟುವುದು ಎರಡು ಸಾಲಿನ ಕೆಲಸ. ಅದನ್ನು ಬಿಚ್ಚಿ ಎಸೆಯುವವರು ಯಾರು ಅನ್ನುವುದೇ ನಿಜವಾದ ಪ್ರಶ್ನೆ. ಈ ಲೇಖನದ ಜಾಸ್ತಿ ಭಾಗ ಅದರ ಮೇಲೇ ಇದೆ.

ಸಾಗರದ ಹುಡುಗನೊಬ್ಬ ಕೇಳಿದ: "ಅಣ್ಣಾ, ಇಷ್ಟೆಲ್ಲಾ ಯಾಕೆ? ಎಸ್‌ಎಸ್‌ಎಲ್ ಪಾಯಿಂಟರನ್ನೇ ಕೀ ಮಾಡ್ಕೊಂಡು ಒಂದು ಹ್ಯಾಶ್ ಟೇಬಲ್ ಇಟ್ರೆ ಆಗಲ್ವಾ?" ಆಗುತ್ತದೆ, ಒಂದು ಸಂಪರ್ಕ ಕಡಿದು ಹೋಗುವ ತನಕ. ಆ ವಸ್ತು ಫ್ರೀ ಆದ ಮೇಲೆ ಅದೇ ವಿಳಾಸವನ್ನು ಮಲ್ಲಾಕ್ ಮುಂದಿನ ಸಂಪರ್ಕಕ್ಕೆ ಕೊಡಬಹುದು. ಟೇಬಲ್‌ನಲ್ಲಿ ಹಳೇ ನಮೂದು ಅಳಿಸಲು ಮರೆತಿದ್ದರೆ ಹುಲಿಕಲ್‌ನ ಮಳೆ ಮಾಸ್ತಿಕಟ್ಟೆಯ ಲೆಕ್ಕಕ್ಕೆ ಬೀಳುತ್ತದೆ. ಪ್ರೋಗ್ರಾಂ ಕ್ರ್ಯಾಶ್ ಆಗುವುದಿಲ್ಲ, ಲಾಗ್‌ನಲ್ಲಿ ಏನೂ ಕಾಣುವುದಿಲ್ಲ. ಟೇಬಲ್‌ಗೆ ಲಾಕ್ ಕೂಡ ಬೇಕಾಗುತ್ತದೆ. ಎಕ್ಸ್ ಡೇಟಾದಲ್ಲಿ ವಸ್ತು ಹೋದಾಗ ಚೀಟಿಯ ಜಾಗವೂ ಹೋಗುತ್ತದೆ, ಹಾಗಾಗಿ ಈ ಗೊಂದಲ ಹುಟ್ಟುವುದೇ ಇಲ್ಲ.

ಕೆಳಗೆ ಫಂಕ್ಷನ್ ಹೆಸರುಗಳನ್ನು ಕನ್ನಡದಲ್ಲೇ, ಅಂಡರ್‌ಸ್ಕೋರ್ ಸಮೇತ ಬರೆದಿದ್ದೇನೆ. ಟೈಪ್ ಮಾಡುವಾಗ ಎಸ್‌ಎಸ್‌ಎಲ್, ಸಿಟಿಎಕ್ಸ್, ಕ್ರಿಪ್ಟೋ, ಎಕ್ಸ್509 ಥರದ ಮುಂಭಾಗ ದೊಡ್ಡಕ್ಷರದಲ್ಲಿ, ಗೆಟ್, ಸೆಟ್, ಎಕ್ಸ್, ಡೇಟಾ ಥರದ ಹಿಂಭಾಗ ಸಣ್ಣಕ್ಷರದಲ್ಲಿ ಬರಲಿ.

1. ಯಾವ ವಸ್ತುವಿಗೆ ಕಟ್ಟಬೇಕು?

ಮಾಹಿತಿ ಎಷ್ಟು ಕಾಲ ಬೇಕು ಅನ್ನುವುದರ ಮೇಲೆ ಇದನ್ನು ತೀರ್ಮಾನ ಮಾಡಿ. ಕೋಡ್‌ನಲ್ಲಿ ಯಾವ ಪಾಯಿಂಟರ್ ಸುಲಭವಾಗಿ ಕೈಗೆ ಸಿಕ್ಕಿತು ಅಂತ ನೋಡಬೇಡಿ.

ಇಡೀ ಸರ್ವರ್‌ಗೆ ಒಂದೇ ಇರುವಂಥದ್ದು, ಅಂದರೆ ಡೇಟಾಬೇಸ್ ಹ್ಯಾಂಡಲ್, ನೋಂದಾಯಿತ ಮಾಪಕಗಳ ಪಟ್ಟಿ, ಇವು ಎಲ್ಲ ಸಂಪರ್ಕಗಳ ಸೆಟ್ಟಿಂಗ್ ಹಿಡಿದಿರುವ ವಸ್ತುವಾದ ಎಸ್‌ಎಸ್‌ಎಲ್_ಸಿಟಿಎಕ್ಸ್‌ಗೆ ಸೇರಿದ್ದು. ಪ್ರತಿ ಎಸ್‌ಎಸ್‌ಎಲ್ ವಸ್ತುವೂ ತನ್ನ ಸಿಟಿಎಕ್ಸ್‌ನ ಮೇಲೆ ಒಂದು ರೆಫರೆನ್ಸ್ ಹಿಡಿದಿರುತ್ತದೆ, ಅಂದರೆ ತಾನು ಬಳಸುತ್ತಿದ್ದೇನೆ ಅಂತ ಎಣಿಕೆ ಒಂದು ಏರಿಸಿರುತ್ತದೆ. ಹಾಗಾಗಿ ನೀವು ಎಸ್‌ಎಸ್‌ಎಲ್_ಸಿಟಿಎಕ್ಸ್_ಫ್ರೀ ಕರೆದರೂ ಕೊನೆಯ ಸಂಪರ್ಕ ಮುಗಿಯುವ ತನಕ ಅದು ಉಳಿಯುತ್ತದೆ. ಸರ್ವರ್ ಹೆಸರು ನೋಡಿ ಎಸ್‌ಎಸ್‌ಎಲ್_ಸೆಟ್_ಎಸ್‌ಎಸ್‌ಎಲ್_ಸಿಟಿಎಕ್ಸ್ ಮೂಲಕ ಸಿಟಿಎಕ್ಸ್ ಬದಲಿಸುವ ಕೋಡ್ ಇದ್ದರೆ ಮಾತ್ರ ಹುಷಾರು. ಬದಲಾದ ಮೇಲೆ ಎಸ್‌ಎಸ್‌ಎಲ್_ಗೆಟ್_ಎಸ್‌ಎಸ್‌ಎಲ್_ಸಿಟಿಎಕ್ಸ್ ಕೊಡುವುದು ಹೊಸದನ್ನು, ಚೀಟಿ ಇರುವುದು ಹಳೆಯದರಲ್ಲಿ.

ಒಂದು ಸಂಪರ್ಕದ ಮಾಹಿತಿ ಎಸ್‌ಎಸ್‌ಎಲ್‌ಗೆ. ಮಾಪಕದ ಸಂಖ್ಯೆ, ಸಂಪರ್ಕ ಶುರುವಾದ ಹೊತ್ತು, ಅರ್ಧ ಓದಿದ ಬಫರ್, ಎಲ್ಲ ಇಲ್ಲೇ. ಹತ್ತರಲ್ಲಿ ಒಂಬತ್ತು ಸಲ ನಿಮಗೆ ಬೇಕಾಗುವುದು ಇದೇ.

ಸಂಪರ್ಕ ಕಡಿದು ಮತ್ತೆ ಬಂದಾಗಲೂ ಬೇಕಾದದ್ದನ್ನು, ಹಿಂದಿನ ಸಂಪರ್ಕದ ಭದ್ರತಾ ವಿವರ ನೆನಪಿಡುವ ಎಸ್‌ಎಸ್‌ಎಲ್_ಸೆಷನ್‌ಗೆ ಕಟ್ಟಬಹುದು ಅಂತ ಅನ್ನಿಸುತ್ತದೆ. ಮಲೆನಾಡಿನಲ್ಲಂತೂ ಈ ಆಸೆ ಜಾಸ್ತಿ. ಆರಿದ್ರಾ ಮಳೆ ಹಿಡಿಯಿತು ಅಂದರೆ ಕರೆಂಟು, ನೆಟ್‌ವರ್ಕ್ ಎರಡೂ ಬಂದು ಹೋಗಿ ಮಾಡುತ್ತಿರುತ್ತವೆ, ಮಾಪಕಗಳು ದಿನವಿಡೀ ಮತ್ತೆ ಮತ್ತೆ ಬಾಗಿಲು ತಟ್ಟುತ್ತವೆ. ಸೆಷನ್‌ನಲ್ಲಿ ಎಡವುವ ಜಾಗಗಳು ಬಹಳ. ಅದಕ್ಕೆ ಕೆಳಗೆ ಬೇರೆಯೇ ಭಾಗ ಇದೆ.

ಎಕ್ಸ್509, ಎಕ್ಸ್509_ಸ್ಟೋರ್, ಎಕ್ಸ್509_ಸ್ಟೋರ್_ಸಿಟಿಎಕ್ಸ್, ಬಿಐಒ, ಅಂದರೆ ಸರ್ಟಿಫಿಕೇಟ್, ನಂಬಿದ ಸರ್ಟಿಫಿಕೇಟ್‌ಗಳ ಸಂಗ್ರಹ, ಸರ್ಟಿಫಿಕೇಟ್ ಪರೀಕ್ಷೆ ಮತ್ತು ಓದು-ಬರಹದ ವಸ್ತುಗಳು, ಇವಕ್ಕೂ ಇದೇ ಸೌಲಭ್ಯ ಇದೆ. ಆರ್‌ಎಸ್‌ಎ, ಡಿಎಸ್‌ಎ, ಡಿಎಚ್, ಇಸಿ_ಕೀ ಅನ್ನುವ ಕೀಲಿ ವಸ್ತುಗಳ ಎಕ್ಸ್ ಡೇಟಾ ಫಂಕ್ಷನ್‌ಗಳನ್ನು 2021ರ 3.0 ಆವೃತ್ತಿಯಲ್ಲಿ ಹಳತು ಅಂತ ಗುರುತು ಹಾಕಿದ್ದಾರೆ. ಅದರ ಬದಲು ಎಲ್ಲ ಬಗೆಯ ಕೀಲಿಗೂ ಆಗುವ ಇವಿಪಿ_ಪಿಕೀಗೆ ಅದೇ ಆವೃತ್ತಿಯಲ್ಲಿ ಈ ಸೌಲಭ್ಯ ಕೊಟ್ಟಿದ್ದಾರೆ. ಹೊಸ ಕೋಡ್ ಬರೆಯುವವರು ಸೀದಾ ಅದನ್ನೇ ಬಳಸಿ.

2. ಜಾಗ ಕಾಯ್ದಿರಿಸುವುದು

ಒಂದು ವಸ್ತುವಿಗೆ ಹಲವರು ಚೀಟಿ ಕಟ್ಟಬಹುದು. ನಿಮ್ಮ ಪ್ರೋಗ್ರಾಂ ಜೊತೆಗೆ ಅದು ಬಳಸುವ ಇನ್ನೊಂದು ಲೈಬ್ರರಿಯೂ ಕಟ್ಟುತ್ತಿರಬಹುದು. ಅದಕ್ಕೇ ಮೊದಲು ಒಂದು ಇಂಡೆಕ್ಸ್ ಪಡೆಯಬೇಕು:

ಸ್ಟ್ಯಾಟಿಕ್ ಇಂಟ್ ಮಾಪಕ_ಇಂಡೆಕ್ಸ್ = -1;

ಮಾಪಕ_ಇಂಡೆಕ್ಸ್ = ಎಸ್‌ಎಸ್‌ಎಲ್_ಗೆಟ್_ಎಕ್ಸ್_ನ್ಯೂ_ಇಂಡೆಕ್ಸ್(0, ನಲ್, ನಲ್, ನಲ್, ಮಾಪಕ_ಫ್ರೀ);

ಐದು ಆರ್ಗ್ಯುಮೆಂಟ್‌ಗಳಲ್ಲಿ ಮೊದಲಿನ ಎರಡು, ಒಂದು ಲಾಂಗ್ ಮತ್ತು ಒಂದು ಪಾಯಿಂಟರ್, ನಿಮ್ಮ ಕಾಲ್‌ಬ್ಯಾಕ್‌ಗಳಿಗೆ ಹಾಗೇ ದಾಟಿ ಹೋಗುತ್ತವೆ. ಹೆಚ್ಚಿನವರಿಗೆ ಬೇಕಾಗುವುದಿಲ್ಲ, 0 ಮತ್ತು ನಲ್ ಕೊಟ್ಟರೆ ಸಾಕು. ಉಳಿದ ಮೂರು ಕಾಲ್‌ಬ್ಯಾಕ್‌ಗಳು: ವಸ್ತು ಹುಟ್ಟುವಾಗ, ನಕಲಾಗುವಾಗ, ಸಾಯುವಾಗ. ಒಳಗೆ ಇದು ಕ್ರಿಪ್ಟೋ_ಗೆಟ್_ಎಕ್ಸ್_ನ್ಯೂ_ಇಂಡೆಕ್ಸ್ ಅನ್ನು ಎಸ್‌ಎಸ್‌ಎಲ್ ವರ್ಗದ ಹೆಸರಿನಲ್ಲಿ ಕರೆಯುವ ಮ್ಯಾಕ್ರೋ ಅಷ್ಟೇ. ಸೋತರೆ -1 ಬರುತ್ತದೆ. -1 ಬಂದರೆ ಪ್ರೋಗ್ರಾಂ ಅಲ್ಲೇ ನಿಲ್ಲಿಸಿ, ಮುಂದೆ ಹೋಗಬೇಡಿ.

ಮೇನ್‌ನ ಆರಂಭದಲ್ಲೇ, ಸಿಟಿಎಕ್ಸ್ ಕಟ್ಟುವ ಮೊದಲೇ, ಒಂದೇ ಸಲ ಇದನ್ನು ಮಾಡಿ ಮುಗಿಸಿ. ನೀವು ಬರೆಯುತ್ತಿರುವುದು ಲೈಬ್ರರಿಯಾಗಿದ್ದು ಮೇನ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಒಂದೇ ಸಲ ಓಡುವಂತೆ ನೋಡಿಕೊಳ್ಳುವ ಪಿತ್ರೆಡ್_ಒನ್ಸ್ ಅಥವಾ ಕ್ರಿಪ್ಟೋ_ತ್ರೆಡ್_ರನ್_ಒನ್ಸ್ ಒಳಗೆ ಇಡಿ. ಪ್ರತಿ ಸಂಪರ್ಕಕ್ಕೂ ಹೊಸ ಇಂಡೆಕ್ಸ್ ಕೇಳುವ ಕೋಡ್‌ಗಳನ್ನು ನೋಡಿದ್ದೇನೆ. ಕೇಳಿದಷ್ಟು ಸಲವೂ ಹೊಸ ಸಂಖ್ಯೆ ಬರುತ್ತದೆ, ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಮೆಮೊರಿ ನಿಧಾನಕ್ಕೆ ಏರುವುದು ಕಂಡರೂ ಕಾರಣ ಬೇಗ ಕಾಣುವುದಿಲ್ಲ.

ಇಂಡೆಕ್ಸ್ ಸಂಖ್ಯೆಯನ್ನು ಕೈಯಾರೆ ಬರೆಯಬೇಡಿ. 5 ಅಂತ ಬರೆದು ಸೆಟ್ ಮಾಡಿದರೆ ಲೈಬ್ರರಿ ತಕರಾರು ಮಾಡದೆ ಇಟ್ಟುಕೊಳ್ಳುತ್ತದೆ, ಯಾಕೆಂದರೆ ಆ ಸಂಖ್ಯೆ ನೋಂದಣಿ ಆಗಿದೆಯಾ ಅಂತ ಅದು ನೋಡುವುದೇ ಇಲ್ಲ. ಆಮೇಲೆ ಇನ್ನೊಬ್ಬರಿಗೆ ನಿಜವಾಗಿ 5 ಸಿಕ್ಕಾಗ ಜಗಳ ಶುರು. ಎಸ್‌ಎಸ್‌ಎಲ್_ಸೆಟ್_ಆ್ಯಪ್_ಡೇಟಾ ಅನ್ನುವ ಹಳೇ ಮ್ಯಾಕ್ರೋ ಕೂಡ ಸುಮ್ನೆ 0ನೇ ಜಾಗಕ್ಕೆ ಬರೆಯುತ್ತದೆ. ಅದಕ್ಕಾಗಿಯೇ 0 ಅನ್ನು ಲೈಬ್ರರಿ ಬೇರೆಯವರಿಗೆ ಹಂಚುವುದಿಲ್ಲ. ಇಡೀ ಪ್ರೋಗ್ರಾಂ ನಿಮ್ಮೊಬ್ಬರದ್ದೇ ಆಗಿದ್ದರೆ ಅದು ನಡೆಯುತ್ತದೆ. ಇನ್ನೊಬ್ಬರ ಲೈಬ್ರರಿಯೂ ಅದೇ 0 ಬಳಸುತ್ತಿದ್ದರೆ ನಿಮ್ಮ ಚೀಟಿಯ ಮೇಲೆ ಅವರದ್ದು ಬಂದು ಕೂರುತ್ತದೆ.

3. ಇಡುವುದು, ತೆಗೆಯುವುದು

ಎಸ್‌ಎಸ್‌ಎಲ್_ಸೆಟ್_ಎಕ್ಸ್_ಡೇಟಾ(ಸಂಪರ್ಕ, ಮಾಪಕ_ಇಂಡೆಕ್ಸ್, ಚೀಟಿ);

ಚೀಟಿ = ಎಸ್‌ಎಸ್‌ಎಲ್_ಗೆಟ್_ಎಕ್ಸ್_ಡೇಟಾ(ಸಂಪರ್ಕ, ಮಾಪಕ_ಇಂಡೆಕ್ಸ್);

ಸೆಟ್ ಗೆದ್ದರೆ 1, ಸೋತರೆ 0. ಸೋತರೆ ಚೀಟಿ ಇನ್ನೂ ನಿಮ್ಮದೇ, ನೀವೇ ಫ್ರೀ ಮಾಡಬೇಕು. ಗೆಟ್‌ನಿಂದ ನಲ್ ಬಂದರೆ ಅಲ್ಲಿ ಏನೂ ಇಟ್ಟಿಲ್ಲ ಅಂತ ಅರ್ಥ. ಸ್ಟ್ಯಾಕ್ ಮೇಲಿನ ಸ್ಥಳೀಯ ವೇರಿಯಬಲ್‌ನ ವಿಳಾಸ ಕೊಡಬೇಡಿ. ಫಂಕ್ಷನ್ ಮುಗಿದ ಮೇಲೂ ಸಂಪರ್ಕ ಬದುಕಿರುತ್ತದೆ.

ಇನ್ನೊಂದು ವಿಷಯ ಕೈಪಿಡಿ ಓದಿದವರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಅದೇ ಜಾಗಕ್ಕೆ ಎರಡನೇ ಸಲ ಸೆಟ್ ಮಾಡಿದರೆ ಹಳೇ ಚೀಟಿಗೆ ಫ್ರೀ ಕಾಲ್‌ಬ್ಯಾಕ್ ಓಡುವುದಿಲ್ಲ. ಪಾಯಿಂಟರ್ ಮಾತ್ರ ಬದಲಾಗುತ್ತದೆ, ಹಳೆಯದು ಸೋರಿಹೋಗುತ್ತದೆ. ಎಸ್‌ಎಸ್‌ಎಲ್_ಕ್ಲಿಯರ್ ಕರೆದು ಅದೇ ವಸ್ತುವನ್ನು ಮರುಬಳಕೆ ಮಾಡುವವರಿಗೆ ಇದು ಮುಖ್ಯ. ಕ್ಲಿಯರ್ ಮಾಡಿದರೆ ಎಕ್ಸ್ ಡೇಟಾ ಅಳಿಯುವುದಿಲ್ಲ, ಹಿಂದಿನ ಮಾಪಕದ ಚೀಟಿ ಅಲ್ಲೇ ನೇತಾಡುತ್ತಿರುತ್ತದೆ. ಬದಲಿಸುವ ಮೊದಲು ಗೆಟ್ ಮಾಡಿ, ಹಳೆಯದನ್ನು ಬಿಡುಗಡೆ ಮಾಡಿ, ಆಮೇಲೆ ಸೆಟ್ ಮಾಡಿ.

ನಮ್ಮ ಚೀಟಿಯಲ್ಲಿ ಇರುವುದು ಇಷ್ಟೇ: ಮಾಪಕದ ಹೆಸರು, ಕೊನೆಯ ಲೆಕ್ಕ ಮಿಲಿಮೀಟರಿನಲ್ಲಿ, ಒಂದು ಅನುಮತಿ ಧ್ವಜ. ತೋಟದವರು ಇಂಚಿನಲ್ಲೇ ಮಾತಾಡುವುದರಿಂದ 25.4ರಿಂದ ಭಾಗಿಸುವುದು ತೋರಿಸುವ ಹೊತ್ತಿಗೆ, ಇಡುವಾಗ ಅಲ್ಲ.

4. ವೆರಿಫೈ ಕಾಲ್‌ಬ್ಯಾಕ್‌ನಿಂದ ಚೀಟಿಗೆ ತಲುಪುವುದು

ಮಾಪಕದ ಸರ್ಟಿಫಿಕೇಟ್ ಪರೀಕ್ಷೆ ನಡೆಯುವಾಗ ನಿಮ್ಮ ಕಾಲ್‌ಬ್ಯಾಕ್‌ಗೆ ಬರುವುದು ಎಕ್ಸ್509_ಸ್ಟೋರ್_ಸಿಟಿಎಕ್ಸ್ ಮಾತ್ರ. ಎಸ್‌ಎಸ್‌ಎಲ್ ಎಲ್ಲಿ? ಲೈಬ್ರರಿ ತಾನೇ ಎಕ್ಸ್ ಡೇಟಾ ಬಳಸಿ ಅದನ್ನು ಅಲ್ಲಿ ಕಟ್ಟಿಟ್ಟಿರುತ್ತದೆ. ಆ ಜಾಗದ ಸಂಖ್ಯೆ ಕೇಳಲು ಒಂದು ಫಂಕ್ಷನ್ ಇದೆ, ಎಸ್‌ಎಸ್‌ಎಲ್_ಗೆಟ್_ಎಕ್ಸ್_ಡೇಟಾ_ಎಕ್ಸ್509_ಸ್ಟೋರ್_ಸಿಟಿಎಕ್ಸ್_ಐಡಿಎಕ್ಸ್. ಹೆಸರು ಸ್ವಲ್ಪ ಉದ್ದ, ಏನು ಮಾಡೋದು. ಹಾಗಾಗಿ ದಾರಿ ಎರಡು ಹೆಜ್ಜೆಯದ್ದು:

ಸಂಪರ್ಕ = ಎಕ್ಸ್509_ಸ್ಟೋರ್_ಸಿಟಿಎಕ್ಸ್_ಗೆಟ್_ಎಕ್ಸ್_ಡೇಟಾ(ಸ್ಟೋರ್, ಎಸ್‌ಎಸ್‌ಎಲ್_ಗೆಟ್_ಎಕ್ಸ್_ಡೇಟಾ_ಎಕ್ಸ್509_ಸ್ಟೋರ್_ಸಿಟಿಎಕ್ಸ್_ಐಡಿಎಕ್ಸ್());

ಚೀಟಿ = ಎಸ್‌ಎಸ್‌ಎಲ್_ಗೆಟ್_ಎಕ್ಸ್_ಡೇಟಾ(ಸಂಪರ್ಕ, ಮಾಪಕ_ಇಂಡೆಕ್ಸ್);

ಇಲ್ಲಿ ಚೀಟಿ ಓದಿ. ಬರೆಯಲು ಈ ಜಾಗವನ್ನು ನೆಚ್ಚಬೇಡಿ. ಸೆಷನ್ ಮುಂದುವರಿಕೆ ಆದಾಗ, ಅಂದರೆ ಹಳೇ ಸೆಷನ್ ಹಿಡಿದೇ ಮಾಪಕ ಮತ್ತೆ ಸೇರಿದಾಗ, ಮಾಪಕ ಸರ್ಟಿಫಿಕೇಟನ್ನು ಮತ್ತೆ ಕಳಿಸುವುದಿಲ್ಲ, ವೆರಿಫೈ ಕಾಲ್‌ಬ್ಯಾಕ್ ಓಡುವುದೇ ಇಲ್ಲ. ಮಾಪಕದ ಹೆಸರನ್ನು ಕಾಲ್‌ಬ್ಯಾಕ್ ಒಳಗೆ ಮಾತ್ರ ತುಂಬುವ ಕೋಡ್ ಮೇಜಿನ ಮೇಲಿನ ಪರೀಕ್ಷೆಯಲ್ಲಿ ಚೆನ್ನಾಗಿ ಓಡುತ್ತದೆ. ಮಳೆ ಬಂದು ಸಂಪರ್ಕ ಕಡಿದು ಮತ್ತೆ ಸೇರಿದ ದಿನ ಹೆಸರಿಲ್ಲದ ಲೆಕ್ಕ ಬರಲು ಶುರುವಾಗುತ್ತದೆ.

ಹೆಸರು ತುಂಬಲು ಸರಿಯಾದ ಹೊತ್ತು, ಹ್ಯಾಂಡ್‌ಶೇಕ್ (ಸಂಪರ್ಕದ ಶುರುವಿನ ಪರಸ್ಪರ ಪರಿಚಯ) ಮುಗಿಸುವ ಎಸ್‌ಎಸ್‌ಎಲ್_ಅಕ್ಸೆಪ್ಟ್ ಗೆದ್ದು ಹಿಂತಿರುಗಿದ ಮೇಲೆ. ಆಗ ಎಸ್‌ಎಸ್‌ಎಲ್_ಗೆಟ್1_ಪಿಯರ್_ಸರ್ಟಿಫಿಕೇಟ್ ಕರೆಯಿರಿ. ಸರ್ವರ್ ಕಡೆ ಪಿಯರ್ ಸರ್ಟಿಫಿಕೇಟ್, ಅಂದರೆ ಎದುರಿನ ಮಾಪಕದ್ದು, ಸೆಷನ್ ಜೊತೆಗೇ ಉಳಿಯುವುದರಿಂದ ಹೊಸ ಸಂಪರ್ಕಕ್ಕೂ ಮುಂದುವರಿದ ಸಂಪರ್ಕಕ್ಕೂ ಇದು ನಡೆಯುತ್ತದೆ. 3.0ಕ್ಕಿಂತ ಹಳೇ ಆವೃತ್ತಿಯಲ್ಲಿ ಇದರ ಹೆಸರಲ್ಲಿ 1 ಇಲ್ಲ. ಎರಡೂ ರೆಫರೆನ್ಸ್ ಏರಿಸಿಯೇ ಕೊಡುತ್ತವೆ, ಬಳಸಿ ಆದ ಮೇಲೆ ಎಕ್ಸ್509_ಫ್ರೀ ಮಾಡಿ. ಹಾಗೆಯೇ ಕ್ಲೈಂಟ್ ಸರ್ಟಿಫಿಕೇಟ್ ಕೇಳುವ ಸರ್ವರ್‌ನಲ್ಲಿ ಎಸ್‌ಎಸ್‌ಎಲ್_ಸಿಟಿಎಕ್ಸ್_ಸೆಟ್_ಸೆಷನ್_ಐಡಿ_ಕಾಂಟೆಕ್ಸ್ಟ್ ಮರೆಯಬೇಡಿ. ಅದಿಲ್ಲದಿದ್ದರೆ ಮುಂದುವರಿಕೆಯ ಹೊತ್ತಿಗೆ ಹ್ಯಾಂಡ್‌ಶೇಕ್ ದೋಷ ಬರುತ್ತದೆ.

5. ಫ್ರೀ ಕಾಲ್‌ಬ್ಯಾಕ್

ಎಸ್‌ಎಸ್‌ಎಲ್_ಫ್ರೀಯಿಂದ ರೆಫರೆನ್ಸ್ ಸೊನ್ನೆಗೆ ಇಳಿದಾಗ ಲೈಬ್ರರಿ ನಿಮ್ಮ ಮಾಪಕ_ಫ್ರೀಯನ್ನು ಕರೆಯುತ್ತದೆ. ಬರುವುದು ಆರು ಆರ್ಗ್ಯುಮೆಂಟ್: ತಾಯಿ ವಸ್ತು, ನಿಮ್ಮ ಪಾಯಿಂಟರ್, ಎಕ್ಸ್ ಡೇಟಾ ಸ್ಟ್ರಕ್ಟ್, ಇಂಡೆಕ್ಸ್, ಆ ಲಾಂಗ್, ಆ ಪಾಯಿಂಟರ್. ನಿಮಗೆ ಬೇಕಾದದ್ದು ಎರಡನೆಯದು ಮಾತ್ರ.

ಮೊದಲ ಸಾಲಿನಲ್ಲೇ ನಲ್ ಪರೀಕ್ಷೆ ಮಾಡಿ. ನೋಂದಣಿ ಇಡೀ ಪ್ರಾಸೆಸ್‌ಗೆ ಅನ್ವಯ. ಅದೇ ಪ್ರಾಸೆಸ್‌ನಲ್ಲಿ ಲಿಬ್‌ಕರ್ಲ್ ಅನ್ನುವ ಲೈಬ್ರರಿ ಬಳಸಿ ಹವಾಮಾನದ ಪುಟ ತರಿಸಿಕೊಂಡರೆ, ಅದು ಓಪನ್‌ಎಸ್‌ಎಸ್‌ಎಲ್ ಜೊತೆ ಕಟ್ಟಿದ್ದಾಗಿದ್ದಲ್ಲಿ, ಅದರ ಎಸ್‌ಎಸ್‌ಎಲ್ ವಸ್ತು ಸಾಯುವಾಗಲೂ ನಿಮ್ಮ ಕಾಲ್‌ಬ್ಯಾಕ್ ಓಡುತ್ತದೆ. ಆ ವಸ್ತುವಿಗೆ ನೀವು ಏನೂ ಕಟ್ಟಿಲ್ಲ, ಬರುವುದು ನಲ್. ನೇರ ಫ್ರೀ ಕರೆದರೆ ಸಿ ಭಾಷೆಯಲ್ಲಿ ತೊಂದರೆ ಇಲ್ಲ. ಚೀಟಿಯ ಒಳಗಿನ ಹೆಸರನ್ನು ಮೊದಲು ಫ್ರೀ ಮಾಡಲು ಹೋದರೆ ಅಲ್ಲೇ ಕ್ರ್ಯಾಶ್.

ತಾಯಿ ವಸ್ತುವನ್ನು ಮುಟ್ಟಬೇಡಿ. ಆ ಹೊತ್ತಿಗೆ ಅದು ಅರ್ಧ ಬಿಚ್ಚಿಹೋಗಿರಬಹುದು. ಸಂಪರ್ಕ ಕಡಿಯಿತು ಅಂತ ಲಾಗ್ ಬರೆಯಬೇಕಾದರೆ ಬೇಕಾದ ಹೆಸರನ್ನು ಚೀಟಿಯಲ್ಲೇ ಇಟ್ಟುಕೊಂಡಿರಿ.

ಹುಟ್ಟಿನ ಕಾಲ್‌ಬ್ಯಾಕ್ ಬಗ್ಗೆ ನನ್ನ ಅಭಿಪ್ರಾಯ: ನಲ್ ಬಿಡಿ. ಅದು ವಾಯ್ಡ್ ಫಂಕ್ಷನ್, ಮೆಮೊರಿ ಸಿಗದಿದ್ದರೆ ದೋಷ ಹೇಳಲು ದಾರಿಯಿಲ್ಲ. ಲಿಬ್‌ಕರ್ಲ್‌ನ ವಸ್ತುಗಳಿಗೂ ಚೀಟಿ ಹುಟ್ಟಿಸುತ್ತದೆ. ನೋಂದಣಿಗೂ ಮೊದಲು ಹುಟ್ಟಿದ ವಸ್ತುಗಳಿಗೆ ಓಡುವುದೂ ಇಲ್ಲ. ಬೇಕಾದಾಗ ನೀವೇ ಮಾಡಿ ಸೆಟ್ ಮಾಡುವುದು ಎಷ್ಟೋ ಸ್ವಚ್ಛ.

ಚೀಟಿಯ ಮಾಲೀಕ ಬೇರೆ ಯಾರೋ ಆಗಿದ್ದರೆ, ಉದಾಹರಣೆಗೆ ನೋಂದಾಯಿತ ಮಾಪಕಗಳ ಪಟ್ಟಿಯ ಒಳಗಿನ ಒಂದು ನಮೂದಿಗೆ ಪಾಯಿಂಟರ್ ಮಾತ್ರ ಇಟ್ಟಿದ್ದರೆ, ಫ್ರೀ ಕಾಲ್‌ಬ್ಯಾಕ್ ಕೂಡ ನಲ್ ಆಗಬೇಕು. ಸೆಟ್ ಬರೆಯುವ ಮುಂಚೆ ಆ ಸಾಲಿನ ಮೇಲೆ ಒಂದು ಕಾಮೆಂಟ್ ಹಾಕಿ: ಇದರ ಮಾಲೀಕ ಯಾರು, ಬಿಡುವವರು ಯಾರು. ಆ ಕಾಮೆಂಟ್ ಬರೆಯಲು ಆಗುತ್ತಿಲ್ಲ ಅಂದರೆ ವಿನ್ಯಾಸ ಇನ್ನೂ ಮುಗಿದಿಲ್ಲ.

6. ಸೆಷನ್ ಮತ್ತು ನಕಲು

ಎಸ್‌ಎಸ್‌ಎಲ್ ವಸ್ತುವನ್ನು ನಕಲು ಮಾಡುವವರು ಕಡಿಮೆ. ಹಾಗಾಗಿ ನಕಲಿನ ಕಾಲ್‌ಬ್ಯಾಕ್ ಜಾಗದಲ್ಲಿ ಎಲ್ಲರೂ ಕಣ್ಣು ಮುಚ್ಚಿ ನಲ್ ಹಾಕುತ್ತಾರೆ. ಸೆಷನ್‌ಗೂ ಹಾಗೇ ಮಾಡಿದರೆ ಸಿಕ್ಕಿಬೀಳುತ್ತೀರಿ, ಯಾಕೆಂದರೆ ಸೆಷನ್ ನಕಲನ್ನು ಲೈಬ್ರರಿ ತಾನಾಗಿಯೇ ಮಾಡುತ್ತದೆ.

ಹತ್ತಿರದಿಂದ ನೋಡೋಣ. ಸಂಪರ್ಕವನ್ನು ಭದ್ರ ಮಾಡುವ ನಿಯಮಾವಳಿಯ ಹೆಸರು ಟಿಎಲ್‌ಎಸ್. ಟಿಎಲ್‌ಎಸ್ 1.3ರಲ್ಲಿ ಪೂರ್ತಿ ಹ್ಯಾಂಡ್‌ಶೇಕ್ ಮುಗಿದಾಗ ಓಪನ್‌ಎಸ್‌ಎಸ್‌ಎಲ್ ಸರ್ವರ್ ಏನೂ ಹೇಳದಿದ್ದರೆ ಎರಡು ಟಿಕೆಟ್ ಕಳಿಸುತ್ತದೆ. ಮಾಪಕ ಮತ್ತೆ ಬಂದಾಗ ಸೆಷನ್ ಮುಂದುವರಿಸಲು ತೋರಿಸುವುದು ಈ ಟಿಕೆಟನ್ನೇ. ನೀವು ವೆರಿಫೈ ಕಾಲ್‌ಬ್ಯಾಕ್‌ನಲ್ಲೋ ಇನ್ನೆಲ್ಲೋ, ಟಿಕೆಟ್ ಹೋಗುವ ಮೊದಲು, ಸೆಷನ್‌ಗೆ ಚೀಟಿ ಕಟ್ಟಿದ್ದೀರಿ. ಫ್ರೀ ಕಾಲ್‌ಬ್ಯಾಕ್ ಇದೆ, ನಕಲಿನದ್ದು ನಲ್. ಮೊದಲ ಟಿಕೆಟ್ ಹೋಯಿತು. ಆ ಸೆಷನ್ ಈಗಾಗಲೇ ಕ್ಯಾಷ್‌ನಲ್ಲಿ ಇರಬಹುದು, ಅದನ್ನು ತಿದ್ದುವ ಹಾಗಿಲ್ಲ. ಅದಕ್ಕೇ ಎರಡನೇ ಟಿಕೆಟ್‌ಗೆ ಮೊದಲು ಲೈಬ್ರರಿ ಸೆಷನ್‌ನ ನಕಲು ತೆಗೆಯುತ್ತದೆ. ನಕಲಿನ ಕಾಲ್‌ಬ್ಯಾಕ್ ಇಲ್ಲದ್ದರಿಂದ ನಿಮ್ಮ ಪಾಯಿಂಟರ್ ಹಾಗೇ ನಕಲಿಗೂ ಹೋಯಿತು. ಈಗ ಚೀಟಿ ಒಂದು, ಅದನ್ನು ತೋರಿಸುವ ಸೆಷನ್ ಎರಡು. ಲೈಬ್ರರಿ ಹಳೇ ಸೆಷನ್‌ನ ತನ್ನ ರೆಫರೆನ್ಸ್ ಬಿಡುತ್ತದೆ. ಬೇರೆ ಯಾರೂ ಹಿಡಿದಿರದಿದ್ದರೆ ಅದು ಅಲ್ಲೇ ಫ್ರೀ, ಜೊತೆಗೆ ನಿಮ್ಮ ಕಾಲ್‌ಬ್ಯಾಕ್ ಓಡಿ ಚೀಟಿಯೂ ಫ್ರೀ. ಹೊಸ ಸೆಷನ್‌ನಲ್ಲಿ ಉಳಿದದ್ದು ಸತ್ತ ವಿಳಾಸ. ಮುಂದೆ ನೀವು ಅದನ್ನು ಓದಿದರೆ ಕಸ, ಸಂಪರ್ಕ ಮುಗಿದಾಗ ಅದೇ ಚೀಟಿ ಎರಡನೇ ಸಲ ಫ್ರೀ.

ಟಿಎಲ್‌ಎಸ್ 1.2 ಕಾಲದಲ್ಲಿ ಸರಿಯಾಗಿ ಓಡುತ್ತಿದ್ದ ಕೋಡ್ 2018ರಲ್ಲಿ ಓಪನ್‌ಎಸ್‌ಎಸ್‌ಎಲ್ 1.1.1 ಬಂದು ಟಿಎಲ್‌ಎಸ್ 1.3 ಸಿಕ್ಕ ಮೇಲೆ ಹೀಗೆ ಮುಗ್ಗರಿಸಬಹುದು. ಟಿಕೆಟ್ ಸಂಖ್ಯೆಯನ್ನು ಎಸ್‌ಎಸ್‌ಎಲ್_ಸಿಟಿಎಕ್ಸ್_ಸೆಟ್_ನಮ್_ಟಿಕೆಟ್ಸ್‌ನಿಂದ 1ಕ್ಕೆ ಇಳಿಸಿದರೆ ಆಯಿತಲ್ವಾ ಅಂದರೆ, ಆಗಲಿಲ್ಲ. ಮುಂದುವರಿದ ಸಂಪರ್ಕದಲ್ಲಿ ಒಂದೇ ಟಿಕೆಟ್ ಕೊಡುವಾಗಲೂ ನಕಲು ನಡೆಯುತ್ತದೆ.

ಸರಿಯಾದ ಮದ್ದು ನಕಲಿನ ಕಾಲ್‌ಬ್ಯಾಕ್ ಬರೆಯುವುದು. ಅದಕ್ಕೆ ಬರುವುದು: ಎಲ್ಲಿಗೆ, ಎಲ್ಲಿಂದ, ಆಮೇಲೆ ನಿಮ್ಮ ಪಾಯಿಂಟರ್ ಇರುವ ಜಾಗದ ವಿಳಾಸ, ಇಂಡೆಕ್ಸ್, ಉಳಿದೆರಡು. ಮೂರನೆಯದರ ಟೈಪ್ 3.0ರಲ್ಲಿ ಪಾಯಿಂಟರ್‌ಗೆ ಪಾಯಿಂಟರ್. 1.1ರ ಹೆಡರ್‌ನಲ್ಲಿ ಬರೀ ವಾಯ್ಡ್ ಪಾಯಿಂಟರ್ ಅಂತಿದ್ದರೂ ಒಳಗಿರುವುದು ಅದೇ, ಕಾಸ್ಟ್ ಮಾಡಿಕೊಳ್ಳಬೇಕು. ಆ ಜಾಗದಲ್ಲಿ ಕೊನೆಗೆ ಏನಿರುತ್ತದೋ ಅದು ನಕಲಿಗೆ ಹೋಗುತ್ತದೆ. ಇಲ್ಲೂ ಮೊದಲು ನಲ್ ಪರೀಕ್ಷೆ. ಆಮೇಲೆ ಎರಡು ಆಯ್ಕೆ. ಹೊಸ ಮೆಮೊರಿ ಪಡೆದು ಚೀಟಿಯನ್ನು ಪೂರ್ತಿ ನಕಲು ಮಾಡಿ ಆ ಹೊಸ ವಿಳಾಸ ಅಲ್ಲಿಡುವುದು ಒಂದು. ಚೀಟಿಯೊಳಗೆ ಒಂದು ಅಟಾಮಿಕ್ ಎಣಿಕೆ ಇಟ್ಟು, ನಕಲಾದಾಗ ಒಂದು ಏರಿಸಿ, ಫ್ರೀ ಕಾಲ್‌ಬ್ಯಾಕ್‌ನಲ್ಲಿ ಒಂದು ಇಳಿಸಿ, ಸೊನ್ನೆಯಾದಾಗ ಮಾತ್ರ ನಿಜವಾಗಿ ಬಿಡುವುದು ಇನ್ನೊಂದು. ನನಗೆ ಎರಡನೆಯದು ಇಷ್ಟ, ಅಲ್ಲಿ ಮೆಮೊರಿ ಸಿಗದೆ ಸೋಲುವ ಪ್ರಶ್ನೆ ಇಲ್ಲ. ಗೆದ್ದರೆ 1 ಕೊಡಿ. 0 ಕೊಟ್ಟರೆ ಇಡೀ ನಕಲೇ ಸೋಲುತ್ತದೆ. ಎಣಿಕೆಯ ದಾರಿ ಹಿಡಿದರೆ ಚೀಟಿಯನ್ನು ಕಟ್ಟಿದ ಮೇಲೆ ತಿದ್ದಬೇಡಿ, ಯಾಕೆಂದರೆ ಅದೇ ಸೆಷನ್ ಬೇರೆ ತ್ರೆಡ್‌ನಲ್ಲೂ ಓದಿಸಿಕೊಳ್ಳುತ್ತಿರಬಹುದು. ಗೆಟ್, ಸೆಟ್ ಎರಡಕ್ಕೂ ಲೈಬ್ರರಿ ಲಾಕ್ ಹಾಕುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೂ ಮಳೆಗಾಲದ ಮರುಸಂಪರ್ಕದಲ್ಲಿ ಚೀಟಿ ಸಿಗುತ್ತದಾ? ಸಾಮಾನ್ಯವಾಗಿ ಇಲ್ಲ. ಮಾಮೂಲಿ ಟಿಕೆಟ್‌ನಲ್ಲಿ ಸೆಷನ್ ವಿವರವನ್ನು ಗೂಢಲಿಪಿಗೆ ತಿರುಗಿಸಿ ಮಾಪಕದ ಕೈಗೇ ಕೊಟ್ಟಿರುತ್ತಾರೆ. ಅದು ವಾಪಸ್ ಬಂದಾಗ ಸರ್ವರ್ ಹೊಸದಾಗಿ ಒಂದು ಸೆಷನ್ ವಸ್ತು ಕಟ್ಟುತ್ತದೆ. ಪಾಯಿಂಟರ್ ಅನ್ನು ಟಿಕೆಟ್ ಒಳಗೆ ಕಳಿಸಲು ಆಗುವುದಿಲ್ಲ, ಹಾಗಾಗಿ ಎಕ್ಸ್ ಡೇಟಾ ಖಾಲಿ. ಸೆಷನ್ ಅನ್ನು ಫೈಲ್‌ಗೆ ಬರೆದು ಓದಿದರೂ ಇದೇ ಕಥೆ.

ನಿಜವಾಗಿ ಬೇಕಾಗಿರುವುದು ಮಾಪಕದ ಹೆಸರೊಂದೇ ಆಗಿದ್ದರೆ ಸರ್ಟಿಫಿಕೇಟ್‌ನಿಂದ ತೆಗೆಯುವ ನಾಲ್ಕನೇ ಭಾಗದ ದಾರಿ ಸಾಕು. ಸೆಷನ್ ಎಕ್ಸ್ ಡೇಟಾ ಗೊಡವೆಯೇ ಬೇಡ. ಸರ್ಟಿಫಿಕೇಟ್‌ನಲ್ಲಿ ಇಲ್ಲದ ನಾಲ್ಕಾರು ಬೈಟ್ ಉಳಿಯಲೇಬೇಕು ಅಂದರೆ 1.1.1ರಿಂದ ಇರುವ ಎಸ್‌ಎಸ್‌ಎಲ್_ಸೆಷನ್_ಸೆಟ್1_ಟಿಕೆಟ್_ಆ್ಯಪ್‌ಡೇಟಾ ನೋಡಿ. ಎಸ್‌ಎಸ್‌ಎಲ್_ಸಿಟಿಎಕ್ಸ್_ಸೆಟ್_ಸೆಷನ್_ಟಿಕೆಟ್_ಸಿಬಿ ಮೂಲಕ ಎರಡು ಕಾಲ್‌ಬ್ಯಾಕ್ ಕೊಡಬೇಕು, ಟಿಕೆಟ್ ಹುಟ್ಟುವಾಗ ಒಂದು, ಬಿಚ್ಚುವಾಗ ಒಂದು. ಮೊದಲನೆಯದರಲ್ಲಿ ಬೈಟ್‌ಗಳನ್ನು ಇಡಿ, ಎರಡನೆಯದರಲ್ಲಿ ಗೆಟ್0 ರೂಪದಿಂದ ಓದಿ. ಅಲ್ಲಿ ಹೋಗುವುದು ಬೈಟ್‌ಗಳ ನಕಲು, ಹಾಗಾಗಿ ಪಾಯಿಂಟರ್ ಇರುವ ಸ್ಟ್ರಕ್ಟ್ ಕೊಡಬೇಡಿ. ಕೊನೆಯ ಮಳೆ ಲೆಕ್ಕದಂಥದ್ದು ಟಿಕೆಟ್‌ಗೆ ಸೇರಿದ್ದಲ್ಲ, ಅದು ಡೇಟಾಬೇಸ್‌ನಲ್ಲಿರಲಿ.

7. ಪ್ಲಗಿನ್ ಬರೆಯುವವರಿಗೆ

ನಿಮ್ಮ ಕೋಡ್ ಪ್ರೋಗ್ರಾಂ ಓಡುತ್ತಿರುವಾಗಲೇ ಡಿಎಲ್‌ಓಪನ್‌ನಿಂದ ಬಂದು ಡಿಎಲ್‌ಕ್ಲೋಸ್‌ನಿಂದ ಹೋಗುವ ಮಾಡ್ಯೂಲ್ ಆಗಿದ್ದರೆ, ನೀವು ಹೋದ ಮೇಲೂ ನಿಮ್ಮ ಫ್ರೀ ಕಾಲ್‌ಬ್ಯಾಕ್‌ನ ವಿಳಾಸ ಲೈಬ್ರರಿಯ ಪಟ್ಟಿಯಲ್ಲಿ ಇರುತ್ತದೆ. ಮುಂದೆ ಯಾವುದೋ ಎಸ್‌ಎಸ್‌ಎಲ್ ಸತ್ತಾಗ ಅದು ಇಲ್ಲದ ಕೋಡ್‌ಗೆ ಹಾರುತ್ತದೆ. ಹೊರಡುವ ಮೊದಲು ಕ್ರಿಪ್ಟೋ_ಫ್ರೀ_ಎಕ್ಸ್_ಇಂಡೆಕ್ಸ್ ಕರೆಯಿರಿ. ಅದು ಇಂಡೆಕ್ಸ್ ಅನ್ನು ವಾಪಸ್ ಕೊಡುವುದಿಲ್ಲ, ಕಾಲ್‌ಬ್ಯಾಕ್‌ಗಳ ಜಾಗದಲ್ಲಿ ಏನೂ ಮಾಡದ ಫಂಕ್ಷನ್‌ಗಳನ್ನು ಹಾಕುತ್ತದೆ. ಆಗ ಇನ್ನೂ ಬದುಕಿರುವ ವಸ್ತುಗಳ ಚೀಟಿಗಳನ್ನು ನೀವೇ ಮೊದಲು ಬಿಡಿಸಿಕೊಂಡಿರಬೇಕು.

8. ಪರೀಕ್ಷೆ

ಅಡ್ರೆಸ್ ಸ್ಯಾನಿಟೈಜರ್ ಹಾಕಿ ಕಂಪೈಲ್ ಮಾಡದೆ ಇದನ್ನು ತೋಟಕ್ಕೆ ಕಳಿಸಬೇಡಿ. ಎರಡು ಸಲ ಫ್ರೀ, ಸತ್ತ ಮೇಲೆ ಓದು, ಸೋರಿಕೆ, ಮೂರನ್ನೂ ಲಿನಕ್ಸ್‌ನಲ್ಲಿ ಅದು ಹಿಡಿದುಕೊಡುತ್ತದೆ. ಓಪನ್‌ಎಸ್‌ಎಸ್‌ಎಲ್ ಜೊತೆಗೇ ಬರುವ ಎಸ್_ಕ್ಲೈಂಟ್ ಆಜ್ಞೆಯಿಂದ ಮಾಪಕದ ಸರ್ಟಿಫಿಕೇಟ್ ಕೊಟ್ಟು ಸಂಪರ್ಕ ಮಾಡಿ, ಸೆಸ್_ಔಟ್ ಆಯ್ಕೆಯಿಂದ ಸೆಷನ್ ಅನ್ನು ಫೈಲ್‌ಗೆ ಉಳಿಸಿ. ಆಮೇಲೆ ಸೆಸ್_ಇನ್ ಆಯ್ಕೆಯಿಂದ ಅದೇ ಫೈಲ್ ಕೊಟ್ಟು ಮತ್ತೆ ಬನ್ನಿ. ಸರ್ವರ್ ಕಡೆ ಎಸ್‌ಎಸ್‌ಎಲ್_ಸೆಷನ್_ರಿಯೂಸ್ಡ್ 1 ಕೊಡಬೇಕು, ಚೀಟಿಯಲ್ಲಿ ಮಾಪಕದ ಹೆಸರು ಸರಿಯಾಗಿ ಇರಬೇಕು. ಹ್ಯಾಂಡ್‌ಶೇಕ್ ಅರ್ಧದಲ್ಲಿರುವಾಗ ಕ್ಲೈಂಟ್ ಅನ್ನು ಕೊಂದು ನೋಡಿ. ಚೀಟಿ ಕಟ್ಟುವ ಮೊದಲೇ ಸತ್ತ ಸಂಪರ್ಕದಲ್ಲಿ ಫ್ರೀ ಕಾಲ್‌ಬ್ಯಾಕ್‌ಗೆ ನಲ್ ಬರುವುದು ಹೀಗೆ.

ಮಾಪಕದ ಒಳಗಿನ ಕೋಡ್ ಬರೆಯುವವರು ನೀವಾಗಿದ್ದರೆ, ಇಎಸ್‌ಪಿ32 ಥರದ ಚಿಪ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಇದೇ ಕೆಲಸದ ಇನ್ನೊಂದು ಲೈಬ್ರರಿ, ಎಂಬೆಡ್‌ಟಿಎಲ್‌ಎಸ್. ಅಲ್ಲಿ ಇಂಡೆಕ್ಸ್ ನೋಂದಣಿಯ ಗೋಜಿಲ್ಲ. ವೆರಿಫೈ ಕಾಲ್‌ಬ್ಯಾಕ್ ಕೊಡುವಾಗಲೇ ಜೊತೆಗೆ ಒಂದು ಪಾಯಿಂಟರ್ ಕೊಡಬಹುದು. 3ನೇ ಸರಣಿಯಲ್ಲಿ ಸಂಪರ್ಕದ ವಸ್ತುವಿಗೇ ಒಂದು ಯೂಸರ್ ಡೇಟಾ ಪಾಯಿಂಟರ್ ಇಡುವ ಫಂಕ್ಷನ್ ಕೂಡ ಇದೆ. ಜಾಗ ಒಂದೇ, ಫ್ರೀ ಕಾಲ್‌ಬ್ಯಾಕ್ ಇಲ್ಲ. ಚೀಟಿ ಬಿಡುವ ಕೆಲಸ ಪೂರ್ತಿ ನಿಮ್ಮದು, ಸಂಪರ್ಕದ ವಸ್ತುವನ್ನು ಫ್ರೀ ಮಾಡುವ ಮೊದಲು ಪಾಯಿಂಟರ್ ತೆಗೆದಿಟ್ಟುಕೊಳ್ಳಿ.